ಸಿಡಿತಲೆಯ ಮೇಲೆ ಬಿದ್ದ ಸುತ್ತಿಗೆ

1980ರ ಸೆಪ್ಟೆಂಬರ್ 9ರ ಮುಂಜಾನೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಿಂಗ್ ಆಫ್ ಪ್ರಷ್ಯಾ ಎಂಬ ಊರಿನ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಗೆ ಎಂಟು ಮಂದಿ ಕಾಲಿಟ್ಟರು. ಅವರಲ್ಲಿ ಇಬ್ಬರು ಕಥೋಲಿಕ ಪಾದ್ರಿಗಳು, ಒಬ್ಬ ಸನ್ಯಾಸಿನಿ, ಆರು ಮಕ್ಕಳ ಒಬ್ಬ ತಾಯಿ ಇದ್ದರು. ಪಾದ್ರಿ ಕಾರ್ಲ್ ಕಬಾಟ್ ಮತ್ತು ಸನ್ಯಾಸಿನಿ ಆನ್ ಮಾಂಟ್ಗೊಮೆರಿ ಬಾಗಿಲಲ್ಲಿದ್ದ ಕಾವಲುಗಾರನನ್ನು ಮಾತಿಗೆ ಹಿಡಿದರು. ಉಳಿದವರು ಒಳಗೆ ಹೋಗಿ, ಮಿನಿಟ್‌ಮನ್ ಎಂಬ ಅಣ್ವಸ್ತ್ರ ಕ್ಷಿಪಣಿಗೆಂದು ತಯಾರಾಗುತ್ತಿದ್ದ ಮಾರ್ಕ್ 12ಎ ಸಿಡಿತಲೆಯ ಎರಡು ಮೂತಿ ಕವಚಗಳನ್ನು ಕೈಸುತ್ತಿಗೆಯಿಂದ ಬಡಿದರು. ತಮ್ಮದೇ ರಕ್ತವನ್ನು ಸೀಸೆಗಳಲ್ಲಿ ತಂದಿದ್ದರು. ಅದನ್ನು ಮೇಜಿನ ಮೇಲಿದ್ದ ಕಡತಗಳ ಮೇಲೆ ಸುರಿದರು. ಆಮೇಲೆ ಓಡಿಹೋಗಲಿಲ್ಲ. ಪ್ರಾರ್ಥಿಸುತ್ತ, ಹಾಡುತ್ತ ಪೊಲೀಸರು ಬರುವವರೆಗೂ ಅಲ್ಲೇ ನಿಂತರು.

‘ಪ್ಲೌಷೇರ್ಸ್’ ಎಂಬ ಚಳವಳಿ ಹುಟ್ಟಿದ್ದು ಹೀಗೆ. ಪ್ಲೌಷೇರ್ ಎಂದರೆ ನೇಗಿಲಿನ ಗುಳ. ಹೆಸರಿನ ಮೂಲ ಬೈಬಲಿನ ಯೆಶಾಯನ ಗ್ರಂಥದ ಎರಡನೆಯ ಅಧ್ಯಾಯದಲ್ಲಿದೆ: ಜನ ತಮ್ಮ ಕತ್ತಿಗಳನ್ನು ಗುಳಗಳನ್ನಾಗಿ, ಭರ್ಜಿಗಳನ್ನು ಕುಡುಗೋಲುಗಳನ್ನಾಗಿ ಮಾಡುವ ಕಾಲ ಬರುತ್ತದೆ, ಆಗ ಯಾರೂ ಯುದ್ಧವನ್ನು ಕಲಿಯುವುದಿಲ್ಲ ಎಂದು ಪ್ರವಾದಿ ಹೇಳುತ್ತಾನೆ. ಮುಂಗಾರಿಗೆ ಮುನ್ನ ಸವೆದ ಗುಳವನ್ನು ಕುಲುಮೆಗೆ ಒಯ್ದು ಹದ ಮಾಡಿಸಿಕೊಂಡು ಬಂದವರಿಗೆ ಈ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬಿಣ ಕಾಯಬೇಕು, ಅಡಿಗಲ್ಲಿನ ಮೇಲೆ ಮಲಗಬೇಕು, ಏಟಿನ ಮೇಲೆ ಏಟು ಬೀಳಬೇಕು. ಒಂದೇ ಪೆಟ್ಟಿಗೆ ಯಾವ ಕತ್ತಿಯೂ ಗುಳವಾಗುವುದಿಲ್ಲ. ಆ ಎಂಟು ಮಂದಿಗೂ ಅದು ಗೊತ್ತಿತ್ತು. ಮೊದಲ ಪೆಟ್ಟನ್ನು ಯಾರಾದರೂ ಹಾಕಲೇಬೇಕಲ್ಲ ಎಂಬುದಷ್ಟೇ ಅವರ ವಾದವಾಗಿತ್ತು.

ಆದರೆ ಈ ಕಥೆ ಆ ಕಾರ್ಖಾನೆಯಲ್ಲಿ ಶುರುವಾದದ್ದಲ್ಲ. ಅದರ ಬೇರು ನಾಗಸಾಕಿಯಲ್ಲಿದೆ.

1945ರ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಬಾಂಬು ಸಿಡಿದದ್ದು ಉರಕಾಮಿ ಕಣಿವೆಯ ಮೇಲೆ. ಜಪಾನಿನಲ್ಲಿ ಕ್ರೈಸ್ತರು ಅತಿ ಹೆಚ್ಚಾಗಿ ನೆಲೆಸಿದ್ದ ಜಾಗ ಅದು. ಅವರ ಪೂರ್ವಜರು ಸುಮಾರು 250 ವರ್ಷ ಗುಟ್ಟಾಗಿ, ಜೀವ ಕೈಯಲ್ಲಿ ಹಿಡಿದುಕೊಂಡು ಧರ್ಮವನ್ನು ಉಳಿಸಿಕೊಂಡು ಬಂದವರು. ಸ್ಫೋಟದ ಬಿಂದುವಿನಿಂದ ಕೇವಲ 500 ಮೀಟರ್ ದೂರದ ದೇವಾಲಯದಲ್ಲಿ ಆ ಹೊತ್ತಿಗೆ ಜನ ಪಾಪನಿವೇದನೆಗೆ ಸೇರಿದ್ದರು. ಪಾದ್ರಿಗಳೂ ಜನರೂ ಅಲ್ಲೇ ಸತ್ತರು. ಆ ಧರ್ಮಕೇಂದ್ರದ ಸುಮಾರು 12,000 ಭಕ್ತರಲ್ಲಿ 8,500ರಷ್ಟು ಮಂದಿ ಬಾಂಬಿಗೆ ಬಲಿಯಾದರು.

ಆ ಬಾಂಬನ್ನು ಹೊತ್ತ ವಿಮಾನ ಹಾರಿದ್ದು ಟಿನಿಯನ್ ದ್ವೀಪದಿಂದ. ಅಲ್ಲಿನ ವಾಯುಪಡೆಯ ಕಥೋಲಿಕ ಸೈನಿಕರಿಗೆ ಜಾರ್ಜ್ ಜಬೆಲ್ಕಾ ಎಂಬ ಪಾದ್ರಿ ಇದ್ದರು. ಅವರು ಪೂಜೆ ಮಾಡಿಸುತ್ತಿದ್ದರು, ಸೈನಿಕರಿಗೆ ಧೈರ್ಯ ಹೇಳುತ್ತಿದ್ದರು. ಇದು ತಪ್ಪು ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ. ಯುದ್ಧ ಮುಗಿದ ಮೇಲೆ ನಾಗಸಾಕಿಗೆ ಹೋಗಿ ಕಣ್ಣಾರೆ ನೋಡಿದರೂ ಆ ಮಾತು ಅವರ ಬಾಯಿಗೆ ಬರಲು ಮೂರು ದಶಕ ಹಿಡಿಯಿತು. ನಾನು ಮೌನವಾಗಿದ್ದೆ, ನನ್ನ ಕಥೋಲಿಕ ಧರ್ಮಸಭೆಯೂ ಮೌನವಾಗಿತ್ತು, ಆ ಮೌನವೇ ಆಶೀರ್ವಾದವಾಯಿತು ಎಂದು ಅವರು ಕೊನೆಗೆ ಒಪ್ಪಿಕೊಂಡರು. ಉಳಿದ ಆಯುಷ್ಯವನ್ನು ಅಹಿಂಸೆಯನ್ನು ಸಾರುವುದಕ್ಕೆ ಮುಡಿಪಾಗಿಟ್ಟು 1992ರಲ್ಲಿ ತೀರಿಕೊಂಡರು. ಅಣ್ವಸ್ತ್ರ ವಿರೋಧದ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡುವ ಮನುಷ್ಯ ಇವರು. ವಿಜ್ಞಾನಿ ಬಾಂಬು ಮಾಡಬಹುದು, ಸೇನಾಪತಿ ಅಪ್ಪಣೆ ಕೊಡಬಹುದು. ಹೊರಟವರ ತಲೆಯ ಮೇಲೆ ಕೈಯಿಟ್ಟು ಹರಸುವವನು ಕೈ ಹಿಂದಕ್ಕೆ ತೆಗೆದುಕೊಂಡಿದ್ದರೆ ಏನಾಗುತ್ತಿತ್ತು?

ಆ ಪ್ರಶ್ನೆಯನ್ನು ಬಾಂಬು ಬಿದ್ದ ಮರುತಿಂಗಳೇ ಎತ್ತಿದ ಹೆಂಗಸು ಡೊರೊತಿ ಡೇ. 1933ರಲ್ಲಿ ಪೀಟರ್ ಮೋರಿನ್ ಜತೆಗೂಡಿ ಕ್ಯಾಥೊಲಿಕ್ ವರ್ಕರ್ ಚಳವಳಿಯನ್ನು ಆರಂಭಿಸಿ, ನ್ಯೂಯಾರ್ಕಿನ ಬಡವರಿಗೆ ಗಂಜಿ ಹಾಕುತ್ತಿದ್ದ ಪತ್ರಕರ್ತೆ ಅವರು. 1955ರ ಜೂನ್ 15ರಂದು ಬಾಂಬ್ ದಾಳಿಯ ಅಣಕು ಕವಾಯತು ನಡೆದಾಗ ಇಡೀ ನಗರ ಸೈರನ್ ಕೇಳಿ ನೆಲಮಾಳಿಗೆಗೆ ಇಳಿಯಬೇಕೆಂದು ಕಾನೂನು ಹೇಳುತ್ತಿತ್ತು. ಡೇ ಮತ್ತು ಅವರ ಗೆಳೆಯರು ಸಿಟಿ ಹಾಲ್ ಎದುರಿನ ಉದ್ಯಾನದ ಬೆಂಚುಗಳ ಮೇಲೆ ಸುಮ್ಮನೆ ಕುಳಿತುಬಿಟ್ಟರು. ಮೊದಲು ಬಾಂಬು ಹಾಕಿದ ದೇಶದ ಪ್ರಜೆಗಳಾಗಿ ಇದು ತಮ್ಮ ಪ್ರಾಯಶ್ಚಿತ್ತ ಎಂದರು. ಬಂಧನವಾಯಿತು. ಮರುವರ್ಷ ಮತ್ತೆ ಕುಳಿತರು, ಮತ್ತೆ ಜೈಲು. 1961ರ ಹೊತ್ತಿಗೆ ಹೀಗೆ ಕುಳಿತವರ ಸಂಖ್ಯೆ ಸಾವಿರಗಳನ್ನು ಮುಟ್ಟಿತು. ಆಮೇಲೆ ಸರ್ಕಾರ ಆ ಕವಾಯತನ್ನೇ ಕೈಬಿಟ್ಟಿತು. ಮೊದಲ ವರ್ಷ ಬಂಧನವಾದವರಲ್ಲಿ ಬಯಾರ್ಡ್ ರಸ್ಟಿನ್ ಕೂಡ ಇದ್ದರು. ಯುದ್ಧವನ್ನು ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಈ ಕರಿಯ ಹೋರಾಟಗಾರ 1948ರಲ್ಲಿ ಭಾರತಕ್ಕೆ ಬಂದು ಗಾಂಧೀಜಿಯ ಅನುಯಾಯಿಗಳ ಜತೆ ಓಡಾಡಿ ಹೋಗಿದ್ದವರು. ಸತ್ಯಾಗ್ರಹ ಎಂಬುದು ಅವರಿಗೆ ಪುಸ್ತಕದ ಪದವಾಗಿರಲಿಲ್ಲ.

ಕುಳಿತುಕೊಳ್ಳುವುದು ಒಂದು, ಸುತ್ತಿಗೆ ಎತ್ತುವುದು ಇನ್ನೊಂದು. ಈ ಚಳವಳಿಯ ಒಳಗೇ ಬಿರುಸಿನ ಚರ್ಚೆ ನಡೆದದ್ದು ಇಲ್ಲಿ. 1968ರ ಮೇ 17ರಂದು ಡ್ಯಾನಿಯೆಲ್ ಬೆರಿಗನ್ ಮತ್ತು ಫಿಲಿಪ್ ಬೆರಿಗನ್ ಎಂಬ ಅಣ್ಣತಮ್ಮಂದಿರು ಏಳು ಮಂದಿ ಸಂಗಾತಿಗಳ ಜತೆ ಮೇರಿಲ್ಯಾಂಡಿನ ಕೇಟನ್ಸ್‌ವಿಲ್ ಊರಿನಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಸೇರಿಸುವ ಕಡತಗಳನ್ನು ಹೊರಗೆ ತಂದು ಸುಟ್ಟರು. ಮಕ್ಕಳನ್ನು ಸುಡುವ ಬದಲು ಕಾಗದ ಸುಟ್ಟಿದ್ದೇವೆ, ಕ್ಷಮಿಸಿ ಎಂಬುದು ಡ್ಯಾನಿಯೆಲ್ ಅವರ ಸಮಜಾಯಿಷಿ. ಡೊರೊತಿ ಡೇ ಅವರಿಗೇ ಈ ದಾರಿಯ ಬಗ್ಗೆ ಅಳುಕಿತ್ತು. ವಸ್ತುವನ್ನು ಒಡೆಯುವುದು ಅಹಿಂಸೆಯೇ? ಬೆರಿಗನ್ ಸಹೋದರರ ಉತ್ತರ ಹೀಗಿತ್ತು: ಕೆಲವು ವಸ್ತುಗಳಿಗೆ ಇರುವ ಹಕ್ಕೇ ಇಲ್ಲ. ಈ ಉತ್ತರವನ್ನು ಯಾರು ಬೇಕಾದರೂ ಆಡಬಹುದಾದ್ದರಿಂದ ಇದು ಅಪಾಯದ ಮಾತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಈ ಜನರನ್ನು ಬೇರೆಯಾಗಿಸುವುದು ಸುತ್ತಿಗೆ ಕೆಳಗಿಟ್ಟ ಮೇಲಿನ ಗಳಿಗೆ. ಅವರು ಮುಖ ಮುಚ್ಚಿಕೊಳ್ಳುವುದಿಲ್ಲ, ಯಾರ ಮೈಗೂ ಕೈಹಚ್ಚುವುದಿಲ್ಲ, ಶಿಕ್ಷೆಯನ್ನು ತಾವೇ ಹೊರುತ್ತಾರೆ.

ಶಿಕ್ಷೆ ಹಗುರವಾಗಿರಲಿಲ್ಲ. 1980ರ ಎಂಟು ಮಂದಿಯಲ್ಲಿ ಕೆಲವರಿಗೆ 5ರಿಂದ 10 ವರ್ಷದ ಸಜೆಯಾಯಿತು. ಅಣ್ವಸ್ತ್ರದ ಅಪಾಯವನ್ನು ವಿವರಿಸಲು ಅವರು ಕರೆಸಿದ್ದ ತಜ್ಞರ ಸಾಕ್ಷ್ಯವನ್ನು ನ್ಯಾಯಾಧೀಶರು ಜ್ಯೂರಿಯ ಮುಂದೆ ಬರಗೊಡಲಿಲ್ಲ. ಹತ್ತು ವರ್ಷ ಮೇಲ್ಮನವಿಗಳಲ್ಲಿ ಕಳೆದು 1990ರಲ್ಲಿ, ಒಳಗಿದ್ದಷ್ಟು ದಿನವೇ ಸಾಕು ಎಂದು ಪ್ರಕರಣ ಮುಗಿಯಿತು. 1984ರಲ್ಲಿ ಮಿಸೌರಿಯ ಕ್ಷಿಪಣಿ ಗುಂಡಿಯೊಂದರ ಮುಚ್ಚಳವನ್ನು ಯಂತ್ರದಿಂದ ಕೊರೆದ ಕಾರ್ಲ್ ಕಬಾಟ್ ಮತ್ತು ಹೆಲೆನ್ ವುಡ್ಸನ್ ಅವರಿಗೆ ವಿಧಿಸಿದ್ದು 18 ವರ್ಷ.

ಜೈಲಿಗೆ ಹೋಗಲಾರದವರೂ ಸುಮ್ಮನಿರಲಿಲ್ಲ. ಅಮೆರಿಕದ ಅಣುಬಾಂಬುಗಳನ್ನೆಲ್ಲ ಜೋಡಿಸುವುದು ಟೆಕ್ಸಾಸ್ ರಾಜ್ಯದ ಅಮರಿಲೊ ಬಳಿಯ ಪ್ಯಾಂಟೆಕ್ಸ್ ಸ್ಥಾವರದಲ್ಲಿ. ಅಲ್ಲಿಂದ ಸಿಡಿತಲೆಗಳನ್ನು ತುಂಬಿಕೊಂಡ ಬಿಳಿ ಬಣ್ಣದ ರೈಲು, ವಾಷಿಂಗ್ಟನ್ ರಾಜ್ಯದ ಬ್ಯಾಂಗರ್ ಜಲಾಂತರ್ಗಾಮಿ ನೆಲೆಯತ್ತ ಹೋಗುತ್ತಿತ್ತು. ಬ್ಯಾಂಗರಿನ ಹಳಿಯ ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದ ಜಿಮ್ ಮತ್ತು ಶೆಲಿ ಡಗ್ಲಸ್ ದಂಪತಿ 1982ರಿಂದ ಆ ರೈಲಿನ ಜಾಡು ಹಿಡಿದರು. ರೈಲು ಹೊರಟಿತು ಎಂದೊಡನೆ ಊರಿಂದೂರಿಗೆ ಫೋನು ಹೋಗುತ್ತಿತ್ತು. ಹಳಿಯುದ್ದಕ್ಕೂ ಚಿಕ್ಕಚಿಕ್ಕ ಊರುಗಳಲ್ಲಿ ಜನ ಚಳಿಯೆನ್ನದೆ, ರಾತ್ರಿಯೆನ್ನದೆ ಬಂದು ಮೌನವಾಗಿ ಪ್ರಾರ್ಥಿಸುತ್ತ ನಿಲ್ಲುತ್ತಿದ್ದರು. ಸರ್ಕಾರ ರೈಲಿಗೆ ಬೇರೆ ಬಣ್ಣ ಬಳಿಸಿತು, ದಾರಿ ಬದಲಿಸಿತು, ಕೊನೆಗೆ ಸಾಗಣೆಯನ್ನು ಟ್ರಕ್ಕುಗಳಿಗೆ ವಹಿಸಿತು. ತಮ್ಮ ಊರಿನ ನಡುವೆಯೇ ಏನು ಹಾದುಹೋಗುತ್ತಿದೆ ಎಂಬುದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು.

ಇದರ ಬಿಸಿ ಧರ್ಮಾಧ್ಯಕ್ಷರಿಗೂ ತಟ್ಟಿತು. ಅಮರಿಲೊದ ಧರ್ಮಾಧ್ಯಕ್ಷ ಲಿರಾಯ್ ಮ್ಯಾಥೀಸನ್ 1981ರಲ್ಲಿ ಪ್ಯಾಂಟೆಕ್ಸ್ ನೌಕರರಿಗೆ, ಈ ಕೆಲಸ ಬಿಡುವ ಬಗ್ಗೆ ಯೋಚಿಸಿ ಎಂದು ಬಹಿರಂಗವಾಗಿ ಕೇಳಿಕೊಂಡರು. ಊರಿನ ಅನ್ನದ ಮೂಲವೇ ಆ ಸ್ಥಾವರವಾಗಿದ್ದಾಗ ಹಾಗೆ ಹೇಳುವುದು ಸಣ್ಣ ಮಾತಲ್ಲ. ಸಿಯಾಟಲಿನ ಮಹಾಧರ್ಮಾಧ್ಯಕ್ಷ ರೇಮಂಡ್ ಹಂಟ್‌ಹೌಸನ್ ಅದೇ ವರ್ಷ ಅಣ್ವಸ್ತ್ರ ಕ್ಷಿಪಣಿಗಳನ್ನು ಹೊರುವ ಟ್ರೈಡೆಂಟ್ ಜಲಾಂತರ್ಗಾಮಿಯನ್ನು ನಾಜಿಗಳ ಸಾವಿನ ಶಿಬಿರವಾದ ಆಶ್‌ವಿಟ್ಜ್‌ಗೆ ಹೋಲಿಸಿದರು. ಮರುವರ್ಷ ತಮ್ಮ ಆದಾಯ ತೆರಿಗೆಯ ಅರ್ಧ ಭಾಗವನ್ನು ಕಟ್ಟದೆ ತಡೆಹಿಡಿದರು. ಆದರೂ ಕಥೋಲಿಕ ಧರ್ಮಸಭೆಯ ಅಧಿಕೃತ ನಿಲುವು ಎಚ್ಚರಿಕೆಯದೇ ಆಗಿತ್ತು. ನಿಶ್ಶಸ್ತ್ರೀಕರಣದ ಕಡೆಗೆ ಹೋಗುವ ಮೆಟ್ಟಿಲಾಗಿ, ಸದ್ಯಕ್ಕೆ ಇಂಥ ಅಸ್ತ್ರಗಳನ್ನು ಇಟ್ಟುಕೊಂಡು ಶತ್ರುವನ್ನು ತಡೆಯುವುದನ್ನು ಸಹಿಸಬಹುದು ಎಂದು 1982ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ವಿಶ್ವಸಂಸ್ಥೆಗೆ ಬರೆದರು. 1983ರಲ್ಲಿ ಅಮೆರಿಕದ ಧರ್ಮಾಧ್ಯಕ್ಷರೂ ಷರತ್ತುಗಳೊಂದಿಗೆ ಅದನ್ನೇ ಹೇಳಿದರು. ಆ ‘ಸದ್ಯಕ್ಕೆ’ ದಶಕಗಳ ಕಾಲ ಎಳೆಯಿತು.

2012ರ ಜುಲೈ 28ರ ನಸುಕಿನಲ್ಲಿ 82 ವರ್ಷದ ಸನ್ಯಾಸಿನಿ ಮೇಗನ್ ರೈಸ್, ಮೈಕೆಲ್ ವಾಲಿ ಮತ್ತು ಗ್ರೆಗ್ ಬೋರ್ಟ್ಯೆ-ಓಬೆಡ್ ಟೆನೆಸ್ಸಿಯ ಓಕ್ ರಿಜ್‌ನಲ್ಲಿರುವ ವೈ-12 ಸ್ಥಾವರದ ಬೇಲಿಗಳನ್ನು ಕತ್ತರಿಸಿ, ಕತ್ತಲಲ್ಲಿ ನಡೆದು ಹೋದರು. ಹಿರೋಷಿಮಾ ಬಾಂಬಿಗೆ ಯುರೇನಿಯಂ ಸಂಸ್ಕರಿಸಿದ್ದು ಇದೇ ವೈ-12. ಅತಿ ಬಿಗಿ ಕಾವಲಿನ ಯುರೇನಿಯಂ ಉಗ್ರಾಣದ ಗೋಡೆಯವರೆಗೂ ಅವರನ್ನು ಯಾರೂ ತಡೆಯಲಿಲ್ಲ. ಗೋಡೆಗೆ ರಕ್ತ ಎರಚಿದರು, ನ್ಯಾಯದ ಫಲವೇ ಶಾಂತಿ ಎಂದು ಬರೆದರು, ಸುತ್ತಿಗೆಯಿಂದ ಒಂದಿಷ್ಟು ಕಾಂಕ್ರೀಟು ಕೆತ್ತಿದರು. ಕೊನೆಗೆ ಬಂದ ಕಾವಲುಗಾರನಿಗೆ ರೊಟ್ಟಿ ನೀಡಿದರು. ಆತ ಅವರ ಮೇಲೆ ಬಂದೂಕು ಎತ್ತಲಿಲ್ಲ. ಆಮೇಲೆ ಕೆಲಸ ಕಳೆದುಕೊಂಡ. ಈ ಚಳವಳಿಯನ್ನು ಮನಸಾರೆ ಮೆಚ್ಚುವ ನನಗೂ ಆ ಮನುಷ್ಯನ ನಷ್ಟಕ್ಕೆ ಸಮಾಧಾನದ ಉತ್ತರ ಸಿಕ್ಕಿಲ್ಲ.

ರೈಸ್‌ಗೆ 35 ತಿಂಗಳು, ಇಬ್ಬರು ಗಂಡಸರಿಗೆ 62 ತಿಂಗಳು ಸಜೆಯಾಯಿತು. ಉಳಿದ ಜೀವನವನ್ನೆಲ್ಲ ಜೈಲಿನಲ್ಲೇ ಕಳೆಯಲು ಬಿಟ್ಟರೆ ಅದೇ ನನಗೆ ದೊಡ್ಡ ಗೌರವ ಎಂದು ಆ ಮುದುಕಿ ನ್ಯಾಯಾಧೀಶರಿಗೆ ಹೇಳಿದರು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ವಿಧ್ವಂಸಕ ಕೃತ್ಯದ ಆರೋಪವನ್ನು ರದ್ದು ಮಾಡಿತು, ಮೂವರೂ ಹೊರಬಂದರು. ರೈಸ್ 2021ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ರೋಮ್ ಕೂಡ ಬದಲಾಗಿತ್ತು. ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ 2017ರ ಸೆಪ್ಟೆಂಬರ್ 20ರಂದು, ಸಹಿಗೆ ತೆರೆದ ಮೊದಲ ದಿನವೇ, ವ್ಯಾಟಿಕನ್ ಸಹಿ ಹಾಕಿ ಅನುಮೋದನೆಯನ್ನೂ ಕೊಟ್ಟಿತು. 2019ರ ನವೆಂಬರ್ 24ರಂದು ಪೋಪ್ ಫ್ರಾನ್ಸಿಸ್ ನಾಗಸಾಕಿಗೂ ಹಿರೋಷಿಮಾಕ್ಕೂ ಹೋಗಿ, ಈ ಅಸ್ತ್ರಗಳ ಬಳಕೆಯಷ್ಟೇ ಅಲ್ಲ, ಅವುಗಳನ್ನು ಇಟ್ಟುಕೊಳ್ಳುವುದೂ ಅನೈತಿಕ ಎಂದರು. ಜಬೆಲ್ಕಾ ಟಿನಿಯನ್‌ನಲ್ಲಿ ಆಡದೆ ಉಳಿಸಿದ್ದ ಮಾತು ಅದು. ಜೈಲಿಗೆ ಹೋದವರು, ಹಳಿಯ ಪಕ್ಕ ನಿಂತವರು ಇಷ್ಟು ವರ್ಷ ಆ ಮಾತನ್ನು ಜೀವಂತವಾಗಿ ಇಟ್ಟುಕೊಂಡಿರದಿದ್ದರೆ ಅದು ರೋಮ್ ತಲುಪುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಪೋಪ್ ಹಾಗೆ ಹೇಳುವ ತಿಂಗಳ ಹಿಂದಷ್ಟೇ, ಅಕ್ಟೋಬರ್ 24ರಂದು, ಜಾರ್ಜಿಯಾ ರಾಜ್ಯದ ಜ್ಯೂರಿಯೊಂದು ಏಳು ಮಂದಿ ಕಥೋಲಿಕರನ್ನು ತಪ್ಪಿತಸ್ಥರೆಂದು ಘೋಷಿಸಿತ್ತು. 2018ರ ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಐವತ್ತನೇ ವರ್ಷದ ದಿನ, ಕಿಂಗ್ಸ್ ಬೇ ಜಲಾಂತರ್ಗಾಮಿ ನೆಲೆಯನ್ನು ಅವರು ಹೊಕ್ಕಿದ್ದರು. ಕೈಯಲ್ಲಿ ಅದೇ ಸುತ್ತಿಗೆ, ಅದೇ ರಕ್ತ. ಏಳು ಮಂದಿಯಲ್ಲಿ ಫಿಲಿಪ್ ಬೆರಿಗನ್ ಅವರ ಪತ್ನಿ ಎಲಿಜಬೆತ್ ಮೆಕ್‌ಅಲಿಸ್ಟರ್ ಇದ್ದರು; ಡೊರೊತಿ ಡೇ ಅವರ ಮೊಮ್ಮಗಳು ಮಾರ್ಥಾ ಹೆನೆಸಿಯೂ ಇದ್ದರು.

ಬ್ಯಾಂಗರ್ ನೆಲೆಯ ಬೇಲಿಗೆ ತಾಗಿದಂತೆಯೇ 3.8 ಎಕರೆ ಜಾಗವಿದೆ. ಡಗ್ಲಸ್ ದಂಪತಿ ಮತ್ತು ಗೆಳೆಯರು 1977ರಲ್ಲಿ ಅಲ್ಲಿ ಗ್ರೌಂಡ್ ಜೀರೊ ಎಂಬ ಅಹಿಂಸಾ ಕೇಂದ್ರವನ್ನು ಕಟ್ಟಿದರು. ಬೇಲಿಯ ಆಚೆ ಟ್ರೈಡೆಂಟ್ ಕ್ಷಿಪಣಿಗಳು, ಈಚೆ ಒಂದಿಷ್ಟು ಮರಗಳು. ಹಿರೋಷಿಮಾ, ನಾಗಸಾಕಿಯ ದಿನಗಳು ಬಂದಾಗ ಜನ ಈಗಲೂ ಅಲ್ಲಿ ಸೇರುತ್ತಾರೆ, ನೆಲೆಯ ಹೆಬ್ಬಾಗಿಲಿನ ಎದುರು ಬ್ಯಾನರ್ ಹಿಡಿದು ನಿಲ್ಲುತ್ತಾರೆ. ಕೆಲವರು ರಸ್ತೆಗಿಳಿದು ಹೆಬ್ಬಾಗಿಲಿಗೆ ಅಡ್ಡವಾಗುತ್ತಾರೆ, ಪೊಲೀಸರು ಬಂದು ಅವರನ್ನು ಕರೆದೊಯ್ಯುತ್ತಾರೆ.