ಐಸ್ ಮಾಸ್ ಬ್ಯಾಲೆನ್ಸ್ ಬಾಯ್: ಮಂಜುಗಡ್ಡೆಯ ಜಮಾ-ಖರ್ಚಿನ ಲೆಕ್ಕ

ಹೆಸರು ಉದ್ದ ಇದೆ, ವಿಷಯ ಸರಳ. ‘ಬಾಯ್’ ಅಂದರೆ ನೀರಲ್ಲಿ ತೇಲುವ ಅಳತೆಯ ಸಾಧನ. ‘ಮಾಸ್ ಬ್ಯಾಲೆನ್ಸ್’ ಅಂದರೆ ನಮ್ಮ ಅಂಗಡಿಗಳ ಜಮಾ-ಖರ್ಚು ಇದ್ದ ಹಾಗೆ. ಚಳಿಗಾಲದಲ್ಲಿ ಆರ್ಕ್ಟಿಕ್ ಸಮುದ್ರದ ನೀರು ತೇಲುವ ಮಂಜುಗಡ್ಡೆಯ ತಳದಲ್ಲಿ ಹೆಪ್ಪುಗಟ್ಟಿ ಗಡ್ಡೆ ದಪ್ಪವಾಗುತ್ತದೆ. ಅದು ಜಮಾ. ಬೇಸಿಗೆಯಲ್ಲಿ ಮೇಲಿಂದಲೂ ಕೆಳಗಿಂದಲೂ ಕರಗುವುದು ಖರ್ಚು. ಗಡ್ಡೆಯಲ್ಲಿ ನೆಟ್ಟ ಬಾಯ್ ಈ ಲೆಕ್ಕ ಇಡುತ್ತದೆ.

ಉಪಗ್ರಹ ಇರುವಾಗ ಇದೆಲ್ಲ ಯಾಕೆ? ಮಂಜುಗಡ್ಡೆ ಎಷ್ಟು ದೂರ ಹರಡಿದೆ ಎಂದು ಉಪಗ್ರಹ ಚೆನ್ನಾಗಿ ಹೇಳುತ್ತದೆ. ಆದರೆ ಗಡ್ಡೆ ಯಾವ ಕಡೆಯಿಂದ ಸವೆಯಿತು ಅನ್ನುವುದು ಅದಕ್ಕೆ ಕಾಣುವುದಿಲ್ಲ. ಅದಕ್ಕೇ ಗಡ್ಡೆಗೆ ತೂತು ಕೊರೆದು ಉಷ್ಣತೆ ಅಳೆಯುವ ಉದ್ದನೆಯ ಸರವನ್ನು ಇಳಿಬಿಡುತ್ತಾರೆ. ಶಬ್ದ ಕಳಿಸಿ ದೂರ ಅಳೆಯುವ ಎರಡು ಸಾಧನಗಳೂ ಇರುತ್ತವೆ: ಒಂದು ಮೇಲಿನಿಂದ ಹಿಮವನ್ನು ನೋಡುತ್ತದೆ, ಇನ್ನೊಂದು ನೀರಿನೊಳಗಿಂದ ಗಡ್ಡೆಯ ತಳವನ್ನು ನೋಡುತ್ತದೆ. ಲೆಕ್ಕ ಉಪಗ್ರಹದ ಮೂಲಕ ವಿಜ್ಞಾನಿಗಳ ಕೈ ಸೇರುತ್ತದೆ. 2007ರ ಬೇಸಿಗೆಯಲ್ಲಿ ಅಲಾಸ್ಕಾ ಮತ್ತು ಕೆನಡಾದ ಉತ್ತರಕ್ಕಿರುವ ಬ್ಯೂಫೋರ್ಟ್ ಸಮುದ್ರದ ಒಂದು ಬಾಯ್, ಗಡ್ಡೆ ತಳದಿಂದಲೇ 2 ಮೀಟರ್‌ಗಿಂತ ಜಾಸ್ತಿ ಕರಗಿದ್ದನ್ನು ದಾಖಲಿಸಿತು. ಸುತ್ತ ಬಯಲಾದ ಕಪ್ಪು ನೀರು ಬಿಸಿಲು ಹೀರಿ ಬೆಚ್ಚಗಾಗಿತ್ತು. ಈ ಸಂಗತಿ ನನ್ನನ್ನು ಇವತ್ತಿಗೂ ತಟ್ಟುತ್ತದೆ. ಮೇಲೆ ನಿಂತು ನೋಡಿದವರಿಗೆ ಅದರ ಸುಳಿವೂ ಸಿಗುತ್ತಿರಲಿಲ್ಲ ಅಲ್ವಾ?

ಬರೀ ಅಂಕಿ ಸಾಲದು, ಕಣ್ಣೂ ಬೇಕು. ಅದಕ್ಕೆ ಪಕ್ಕದಲ್ಲೇ ಕ್ಯಾಮೆರಾ ನಿಲ್ಲಿಸುತ್ತಾರೆ, ಎದುರಿಗೆ ಅಳತೆಯ ಪಟ್ಟೆ ಬಳಿದ ಕೋಲುಗಳನ್ನು ನೆಡುತ್ತಾರೆ. ಹಿಮ ಬಿತ್ತೋ, ಕೋಲು ವಾಲಿತೋ, ನೀರು ನಿಂತಿತೋ ಚಿತ್ರದಲ್ಲೇ ತಿಳಿಯುತ್ತದೆ. ಆದರೆ ಚಿತ್ರವನ್ನೂ ಜೋಪಾನವಾಗಿ ಓದಬೇಕು. 2013ರ ಜುಲೈನಲ್ಲಿ ಇಂಥ ಒಂದು ಕ್ಯಾಮೆರಾ ನೀಲಿ ನೀರಿನ ಫೋಟೊ ಕಳಿಸಿತು. ಕೋಲುಗಳು ನೀರಲ್ಲಿ ನಿಂತಿದ್ದವು. ‘ಉತ್ತರ ಧ್ರುವ ಕೆರೆಯಾಯಿತು’ ಎಂದು ಸುದ್ದಿಯೋ ಸುದ್ದಿ. ನಿಜದಲ್ಲಿ ಅದು ಗಡ್ಡೆಯ ಮೇಲೆ ಕರಗಿ ನಿಂತ ನೀರು. ಅಡಿಯಲ್ಲಿ ಗಡ್ಡೆ ಹಾಗೇ ಇತ್ತು. ಇಂಥ ಹೊಂಡಗಳು ಪ್ರತಿ ಬೇಸಿಗೆಯಲ್ಲೂ ಆಗುತ್ತವೆ. ಈ ಹೊಂಡವೂ ಕೆಲವೇ ದಿನಗಳಲ್ಲಿ ಬಸಿದುಹೋಯಿತು.

ಇನ್ನೊಂದು ಮಾತು: ಆ ಹೊತ್ತಿಗೆ ಕ್ಯಾಮೆರಾ ಧ್ರುವದಲ್ಲಿ ಇರಲೇ ಇಲ್ಲ. ವಸಂತದಲ್ಲಿ ಧ್ರುವದ ಹತ್ತಿರ ನೆಟ್ಟಿದ್ದು, ಗಡ್ಡೆಯ ಜೊತೆಗೆ ತೇಲಿ ನೂರಾರು ಕಿಲೋಮೀಟರ್ ದಕ್ಷಿಣಕ್ಕೆ ಬಂದಿತ್ತು. ಬಾಯ್‌ಗಳ ಬದುಕೇ ಹಾಗೆ. ಧ್ರುವದ ಹತ್ತಿರ ಇಟ್ಟವು ಹೆಚ್ಚಾಗಿ ಗ್ರೀನ್‌ಲ್ಯಾಂಡ್ ಮತ್ತು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ನಡುವಿನ ಫ್ರಾಮ್ ಜಲಸಂಧಿಯತ್ತ ಸಾಗುತ್ತವೆ. ಗಡ್ಡೆ ಅಲ್ಲಿ ಒಡೆದು ಕರಗುತ್ತದೆ. ಕೆಲವು ಬಾಯ್‌ಗಳು ನೀರಿಗೆ ಬಿದ್ದ ಮೇಲೂ ತೇಲುತ್ತಾ ತಾವಿರುವ ಜಾಗವನ್ನು ತಿಳಿಸುತ್ತಲೇ ಇರುತ್ತವೆ.