ಐಸ್ ಹಾಕಿಯಲ್ಲಿ ಹೊಡೆದಾಡಲಿಕ್ಕೆಂದೇ ಆಟಗಾರರು ಇರುತ್ತಾರಾ?

ಪ್ರಶ್ನೆ: ಐಸ್ ಹಾಕಿ ಪಂದ್ಯದ ನಡುವೆ ಇಬ್ಬರು ಗ್ಲೌಸ್ ಬಿಸಾಕಿ ಗುದ್ದಾಡುತ್ತಾರೆ, ರೆಫರಿ ನೋಡುತ್ತಾ ನಿಂತಿರುತ್ತಾರೆ. ಇದಕ್ಕೆಂದೇ ತಂಡದಲ್ಲಿ ಆಟಗಾರರನ್ನು ಇಟ್ಟುಕೊಳ್ಳುತ್ತಾರಾ?

ಉತ್ತರ: ಇಟ್ಟುಕೊಳ್ಳುತ್ತಿದ್ದರು, ಈಗ ಅಂಥವರು ತೀರಾ ಕಡಿಮೆ. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನಲ್ಲಿ ಇವರಿಗೆ ಎನ್‌ಫೋರ್ಸರ್ ಎಂದು ಹೆಸರು. ತಂಡದ ಮುಖ್ಯ ಆಟಗಾರನ ಮೇಲೆ ಎದುರಾಳಿ ಒರಟಾಗಿ ಎರಗಿದರೆ ಲೆಕ್ಕ ಚುಕ್ತಾ ಮಾಡುವುದು ಇವರ ಕೆಲಸ. ಕೆನಡಾದ ಎಡ್ಮಂಟನ್ ತಂಡದಲ್ಲಿ ತಾರಾ ಆಟಗಾರ ವೇಯ್ನ್ ಗ್ರೆಟ್ಸ್ಕಿಗೆ ಡೇವ್ ಸೆಮೆಂಕೊ ಹೀಗೇ ಕಾವಲಿದ್ದರು.

ಗುದ್ದಾಟಕ್ಕೆ ಶಿಕ್ಷೆ, ಅಂಗಳದ ಬದಿಯ ಪೆನಾಲ್ಟಿ ಬಾಕ್ಸ್‌ನಲ್ಲಿ 5 ನಿಮಿಷ ಕೂರುವುದು. ಇಬ್ಬರೂ ಒಟ್ಟಿಗೆ ಒಳಗೆ ಹೋಗುವುದರಿಂದ ಯಾವ ತಂಡಕ್ಕೂ ಆಳು ಕಡಿಮೆಯಾಗುವುದಿಲ್ಲ, ಬೆಂಚಿನಿಂದ ಬೇರೆಯವರು ಇಳಿಯುತ್ತಾರೆ. ಹೊಡೆದಾಟ ಇಷ್ಟು ಕಾಲ ಉಳಿದುಕೊಂಡಿದ್ದಕ್ಕೆ ಈ ಲೆಕ್ಕವೂ ಒಂದು ಕಾರಣ. ಆದರೆ ಜಗಳ ತೆಗೆದವನು ಇವನೇ ಎಂದು ರೆಫರಿ ತೀರ್ಮಾನಿಸಿದರೆ ಅವನಿಗೆ ಹೆಚ್ಚುವರಿ 2 ನಿಮಿಷ, ಅಷ್ಟು ಹೊತ್ತು ಅವನ ತಂಡ ಒಬ್ಬ ಕಡಿಮೆ ಇಟ್ಟುಕೊಂಡೇ ಆಡಬೇಕು. ನಡುವೆ ನುಗ್ಗಿದ ಮೂರನೆಯವನು ಪಂದ್ಯದಿಂದಲೇ ಹೊರಗೆ. ಬಿಡಿಸುವುದು ರೆಫರಿಯ ಸಹಾಯಕರಾದ ಲೈನ್ಸ್‌ಮನ್‌ಗಳ ಕೆಲಸ. ಸಾಮಾನ್ಯವಾಗಿ ಒಬ್ಬ ಬೀಳುವವರೆಗೆ ಅಥವಾ ಇಬ್ಬರೂ ಸುಸ್ತಾಗುವವರೆಗೆ ಕಾಯುತ್ತಾರೆ, ಮೊದಲೇ ಕೈಹಾಕಿದರೆ ಪೆಟ್ಟು ಅವರಿಗೇ.

ಮಂಜಿನ ಮೇಲೆ ಕಾಲೂರಿ ಗುದ್ದಲು ಆಗುವುದಿಲ್ಲ, ಬಲವೆಲ್ಲ ಹಿಡಿತದಲ್ಲಿದೆ. ಬಲಗೈಯವನು ಎಡಗೈಯಿಂದ ಎದುರಾಳಿಯ ಜೆರ್ಸಿಯನ್ನು ಭುಜದ ಹತ್ತಿರ ಹಿಡಿದು, ಅವನ ಗುದ್ದುವ ತೋಳನ್ನು ಕಟ್ಟಿಹಾಕಿ, ತನ್ನತ್ತ ಎಳೆದುಕೊಂಡು ಹೊಡೆಯುತ್ತಾನೆ. ಜೆರ್ಸಿ ತಲೆಯ ಮೇಲೆ ಬಂದರೆ ಕಣ್ಣು ಮುಚ್ಚುತ್ತದೆ, ಕೈ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಜೆರ್ಸಿಯ ಹಿಂಭಾಗದಲ್ಲಿ ಪಟ್ಟಿಯೊಂದಿದ್ದು, ಅದನ್ನು ಪ್ಯಾಂಟಿಗೆ ಬಿಗಿಯುವುದು ಕಡ್ಡಾಯ. ಬರಿಗೈ ಹೆಲ್ಮೆಟ್‌ಗೆ ತಾಗಿ ಅಂಗೈ ಮೂಳೆ ಮುರಿಯುವುದು ಈ ಕಸುಬಿನ ಮಾಮೂಲಿ ಗಾಯ.

ಎನ್‌ಫೋರ್ಸರ್‌ಗಳ ಸಾಲಿನಲ್ಲಿ ಬಾಬ್ ಪ್ರೋಬರ್ಟ್‌ಗೆ ಸಮನಾದವರು ವಿರಳ. 1965ರಲ್ಲಿ ಕೆನಡಾದ ವಿಂಡ್ಸರ್‌ನಲ್ಲಿ ಹುಟ್ಟಿದವರು, ಆಡಿದ್ದು ಡೆಟ್ರಾಯ್ಟ್ ಮತ್ತು ಶಿಕಾಗೊಗೆ. 1987–88ರ ಋತುವಿನಲ್ಲಿ 398 ಪೆನಾಲ್ಟಿ ನಿಮಿಷ, ಜೊತೆಗೆ 29 ಗೋಲು! ಮುಷ್ಟಿಯೊಂದನ್ನೇ ನಂಬಿದವರಿಂದ ಅಷ್ಟು ಗೋಲು ಬರುವುದಿಲ್ಲ, ಗೋಲಿನ ಮುಂದೆ ಗಟ್ಟಿಯಾಗಿ ನಿಲ್ಲುವ ಕಲೆ ಅವರಿಗಿತ್ತು. ಕುಡಿತ, ಕೊಕೇನ್ ಅವರನ್ನು ಹಿಂಡಿದವು. 1989ರಲ್ಲಿ ಅಮೆರಿಕ–ಕೆನಡಾ ಗಡಿಯಲ್ಲಿ ಕೊಕೇನ್ ಸಮೇತ ಸಿಕ್ಕಿಬಿದ್ದು ಜೈಲಿಗೂ ಹೋದರು. 935 ಪಂದ್ಯ, 163 ಗೋಲು, 3,300 ಪೆನಾಲ್ಟಿ ನಿಮಿಷಗಳೊಂದಿಗೆ ಆಟ ಮುಗಿಯಿತು. 2010ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 45. ಅವರ ಮಿದುಳನ್ನು ಪರೀಕ್ಷಿಸಿದ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಸಿಟಿಇ ಕಂಡುಬಂತು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣಿಸುವ, ಮಿದುಳನ್ನು ಮೆಲ್ಲಗೆ ಸವೆಸುವ ಕಾಯಿಲೆಯದು. 2011ರಲ್ಲಿ 28ನೇ ವಯಸ್ಸಿಗೇ ಸತ್ತ ಎನ್‌ಫೋರ್ಸರ್ ಡೆರೆಕ್ ಬೂಗಾರ್ಡ್ ಅವರ ಮಿದುಳಿನಲ್ಲೂ ಅದೇ ಇತ್ತು.

ಈಗ ಆಟದ ವೇಗ ಹೆಚ್ಚಿದೆ. ಎಲ್ಲರಿಗಿಂತ ಕಡಿಮೆ ಹೊತ್ತು ಆಡುವ ನಾಲ್ಕನೇ ಸಾಲಿನ ಆಟಗಾರನೂ ಚುರುಕಾಗಿ ಸ್ಕೇಟ್ ಮಾಡಬೇಕು, ಪೆನಾಲ್ಟಿಯಿಂದ ತಂಡಕ್ಕೆ ಆಳು ಕಡಿಮೆಯಾದ ಹೊತ್ತಿನಲ್ಲಿ ಗೋಲು ಕಾಯಬೇಕು. ಗುದ್ದುವುದೊಂದೇ ಬಲ್ಲವನಿಗೆ ಬೆಂಚಿನಲ್ಲೂ ಜಾಗವಿಲ್ಲ.