ಫ್ರೀಸ್ಟೈಲ್ ಸ್ಕೀಯಿಂಗ್: ನುರಿತ ಹವ್ಯಾಸಿಗೂ ವೃತ್ತಿಪರನಿಗೂ ಇರುವ ಅಂತರ

ಫ್ರೀಸ್ಟೈಲ್ ಸ್ಕೀಯಿಂಗ್ ಎಂದರೆ ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತ ಜಿಗಿತ, ಪಲ್ಟಿಗಳನ್ನು ಮಾಡುವ ಆಟ. ನುರಿತ ಹವ್ಯಾಸಿ ಸ್ಕೀಯರ್ ಒಬ್ಬನ ಅತ್ಯುತ್ತಮ ಜಿಗಿತವನ್ನೂ ವಿಶ್ವಕಪ್ ಮಟ್ಟದ ಆಟಗಾರನ ದಿನನಿತ್ಯದ ಜಿಗಿತವನ್ನೂ ವಿಡಿಯೊದಲ್ಲಿ ಅಕ್ಕಪಕ್ಕ ಇಟ್ಟು ನೋಡಿದರೆ, ಗಾಳಿಯಲ್ಲಿ ಇಬ್ಬರೂ ಮಾಡುವುದು ಹೆಚ್ಚುಕಡಿಮೆ ಒಂದೇ ಎಂದು ಮೊದಲಿಗೆ ಅನಿಸುತ್ತದೆ. ಮುಂಬಯಿಯ ಮಾಟುಂಗದಲ್ಲಿ ವಾರಕ್ಕೊಮ್ಮೆ ಸೇರಿ ಕ್ರೀಡಾವಿಜ್ಞಾನ ಓದುವ ನಮ್ಮ ಕನ್ನಡ ಗೆಳೆಯರ ಗುಂಪಿನಲ್ಲಿ ಹೆಚ್ಚಿನವರು ಹಿಮದ ಮೇಲೆ ಕಾಲಿಟ್ಟವರಲ್ಲ. ಆದ್ದರಿಂದ ಅಂತರವನ್ನು ಎಲ್ಲಿ ಹುಡುಕಬೇಕು ಎಂಬುದನ್ನೇ ಮೊದಲು ಗೊತ್ತುಮಾಡಿಕೊಳ್ಳಬೇಕಾಯಿತು. ನನ್ನ ಅಭಿಪ್ರಾಯದಲ್ಲಿ ಆ ಅಂತರದ ಬಹುಪಾಲು ಸ್ಕೀ ಹಿಮವನ್ನು ಬಿಡುವುದಕ್ಕೆ ಮುಂಚೆಯೇ ತೀರ್ಮಾನವಾಗಿರುತ್ತದೆ.

ಇದಕ್ಕೆ ಭೌತಶಾಸ್ತ್ರವೇ ಆಧಾರ. ಜಿಗಿತದ ದಿಬ್ಬದ, ಅಂದರೆ ಕಿಕ್ಕರ್‌ನ, ಅಂಚನ್ನು ದಾಟಿದ ಮೇಲೆ ಒತ್ತಿ ನಿಲ್ಲಲು ನೆಲವಿರುವುದಿಲ್ಲವಾದ್ದರಿಂದ, ದೇಹದ ಒಟ್ಟು ಕೋನೀಯ ಸಂವೇಗವನ್ನು (ತಿರುಗುವ ದೇಹ ಹೊತ್ತಿರುವ ಚಲನೆಯ ಮೊತ್ತವನ್ನು) ಹೆಚ್ಚಿಸಿಕೊಳ್ಳಲೂ ಆಗದು, ಕಳೆದುಕೊಳ್ಳಲೂ ಆಗದು. ದೇಹವನ್ನು ಮುದುಡಿದರೆ ತಿರುಗುವ ವೇಗ ಹೆಚ್ಚುತ್ತದೆ, ಚಾಚಿದರೆ ತಗ್ಗುತ್ತದೆ. ಪಲ್ಟಿಯ ನಡುವೆ ಒಂದು ತೋಳನ್ನು ಕೆಳಕ್ಕೆ ಎಳೆದುಕೊಂಡರೆ ದೇಹ ಓರೆಯಾಗಿ ಮೈತಿರುವು ಶುರುವಾಗುತ್ತದೆ. ಗಾಳಿಯಲ್ಲಿ ಕೈಗೆ ಸಿಗುವ ಉಪಾಯಗಳು ಬಹುಮಟ್ಟಿಗೆ ಇಷ್ಟೇ, ಇವೆಲ್ಲವೂ ಕೆಲಸ ಮಾಡುವುದು ನೆಲದಿಂದ ಹೊತ್ತು ತಂದ ಸಂವೇಗದ ಮೇಲೆಯೇ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಸ್ಕೀಯರ್ ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತಾನೆ. ಅಂಚಿನ ಮುಂಚಿನ ಕೊನೆಯ 5 ಮೀಟರನ್ನು ದಾಟಲು ಅವನಿಗೆ ಸೆಕೆಂಡಿನ ಮೂರನೇ ಒಂದು ಭಾಗವೂ ಸಿಗುವುದಿಲ್ಲ. ಅಷ್ಟರೊಳಗೆ ಎಷ್ಟು ಎತ್ತರ, ಯಾವ ಕೋನ, ಎಷ್ಟು ತಿರುಗುವಿಕೆ ಎಂಬುದೆಲ್ಲ ನಿಶ್ಚಯವಾಗಬೇಕು.

ಹವ್ಯಾಸಿ ಎಡವುವುದು ಇಲ್ಲಿಯೇ. ತಿರುಗುವ ಆತುರದಲ್ಲಿ ಅವನು ಅಂಚು ತಲುಪುವ ಮೊದಲೇ ಭುಜವನ್ನು ತಿರುಗಿಸಿಬಿಡುತ್ತಾನೆ. ಸ್ಕೀ ತನ್ನ ಒಂದು ಬದಿಯ ಅಂಚಿನ ಮೇಲೆ ಜಾರುತ್ತದೆ, ಎತ್ತರ ಕಡಿಮೆಯಾಗುತ್ತದೆ, ತಿರುಗುವ ಅಕ್ಷ ಓರೆಯಾಗುತ್ತದೆ. ಆಮೇಲೆ ಆ ಕೊರತೆಯನ್ನು ತುಂಬಿಕೊಳ್ಳಲು ನೆಲ ಮುಟ್ಟುವವರೆಗೂ ಮೈ ಮುದುಡಿಕೊಂಡೇ ಇರಬೇಕಾಗುತ್ತದೆ. ವೃತ್ತಿಪರನಾದರೋ ಅಂಚಿನವರೆಗೂ ಕಾಲನ್ನು ಪೂರ್ತಿ ಚಾಚಿ ನಿಂತು, ಬೇಕಾದ ಸಂವೇಗವನ್ನು ಹೊತ್ತುಕೊಂಡೇ ಮೇಲೇರುತ್ತಾನೆ. ಕೊನೆಯ ತಿರುವು ಮುಗಿಯುವ ಮೊದಲೇ ಮೈ ಬಿಚ್ಚಿ, ಇಳಿಯುವ ಜಾಗವನ್ನು ಕಣ್ಣಿನಿಂದ ಹಿಡಿದು, ವೇಗವನ್ನು ತಗ್ಗಿಸಿಕೊಂಡು ಇಳಿಯಲು ಅವನಿಗೆ ಸಮಯ ಉಳಿದಿರುತ್ತದೆ. ವಿಡಿಯೊ ನೋಡುವಾಗ ನಾವು ಗಮನಿಸಬೇಕಾದದ್ದು ಈ ಉಳಿದ ಸಮಯವನ್ನು. ಗಾಳಿಯಲ್ಲಿ ಪಲ್ಟಿ, ಮೈತಿರುವುಗಳನ್ನು ಮಾಡುವ ಏರಿಯಲ್ಸ್ ವಿಭಾಗದ ಅಂಕಪದ್ಧತಿಯೂ ಇದನ್ನೇ ಅಳೆಯುತ್ತದೆ: ಪ್ರತಿ ತೀರ್ಪುಗಾರನ ಕೈಯಲ್ಲಿರುವ 10 ಅಂಕಗಳಲ್ಲಿ ನೆಗೆತಕ್ಕೂ ಎತ್ತರಕ್ಕೂ 2, ಗಾಳಿಯಲ್ಲಿನ ಭಂಗಿಗೆ 5, ಇಳಿಯುವಿಕೆಗೆ 3, ಒಟ್ಟು ಬಂದದ್ದನ್ನು ಜಿಗಿತದ ಕಷ್ಟದ ಗುಣಕದಿಂದ ಗುಣಿಸುತ್ತಾರೆ.

ಗಾಳಿಯಲ್ಲಿ ದೇಹ ಎಲ್ಲಿದೆ ಎಂಬ ಅರಿವನ್ನು ಹಿಮವಿಲ್ಲದೆಯೂ ಕಲಿಯಬಹುದು. ದಾದರಿನ ಶಿವಾಜಿ ಪಾರ್ಕಿನಲ್ಲಿ ಮಲ್ಲಕಂಬ ಕಲಿಯುವ ಮಕ್ಕಳನ್ನು ಹತ್ತಿರದಿಂದ ನೋಡಿದವರಿಗೆ ಇದು ಬೇಗ ಮನದಟ್ಟಾಗುತ್ತದೆ: ಕಂಬದ ತುದಿಯಿಂದ ಪಲ್ಟಿ ಹೊಡೆದು ಇಳಿಯುವ ಪಳಗಿದ ಹುಡುಗಿ ಕಂಬವನ್ನು ಬಿಡುವ ಮೊದಲು ತೊಡೆಗಳ ಹಿಡಿತವನ್ನು ಒಮ್ಮೆ ಬಿಗಿಮಾಡಿಕೊಳ್ಳುತ್ತಾಳೆ, ಹೊಸಬರು ಹಿಡಿತ ಸಡಿಲಿಸುತ್ತಲೇ ತಿರುಗಲು ಹೋಗಿ ಓರೆಯಾಗಿ ಬೀಳುತ್ತಾರೆ. ಏರಿಯಲ್ಸ್ ಚಾಂಪಿಯನ್ನರಲ್ಲಿ ಅನೇಕರು ಜಿಮ್ನಾಸ್ಟಿಕ್ಸ್‌ನಿಂದ ಬಂದವರು. ಆಸ್ಟ್ರೇಲಿಯಾಕ್ಕೆ 2002ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಚಿನ್ನ ಗೆದ್ದುಕೊಟ್ಟ ಅಲಿಸಾ ಕ್ಯಾಂಪ್ಲಿನ್, 2010ರಲ್ಲಿ ವ್ಯಾಂಕೂವರಿನಲ್ಲಿ ಗೆದ್ದ ಲಿಡಿಯಾ ಲಾಸಿಲಾ ಇಬ್ಬರೂ ಹಾಗೆಯೇ. 2022ರಲ್ಲಿ ಬೀಜಿಂಗಿನಲ್ಲಿ ಗೆದ್ದ ಚೀನಾದ ಶು ಮೆಂಗ್‌ಟಾವೊ ಕೂಡ ಅದೇ ಹಾದಿಯವರು. ಮುಂಬಯಿಯಷ್ಟೇ ಹಿಮವಿಲ್ಲದ ಬ್ರಿಸ್ಬೇನ್ ನಗರದಲ್ಲಿ ಆಸ್ಟ್ರೇಲಿಯಾ ಇಂದು ಏರಿಯಲ್ಸ್‌ನಂತಹ ಜಿಗಿತಗಳ ತರಬೇತಿಗೆ ಜಾರುಬಂಡೆಗಳಿರುವ ಈಜುಕೊಳವನ್ನು ಕಟ್ಟಿಕೊಂಡಿದೆ. ಪ್ಲಾಸ್ಟಿಕ್ ಹಾಸಿನ ಮೇಲೆ ಸ್ಕೀ ಸಮೇತ ಜಾರಿ ಬಂದು ಜಿಗಿದವರು ನೀರಿಗೆ ಬೀಳುತ್ತಾರೆ. ಕೆಳಗಿನಿಂದ ಗಾಳಿಯ ಗುಳ್ಳೆಗಳನ್ನು ಬಿಟ್ಟು ನೀರನ್ನು ಮೆದುಗೊಳಿಸಿರುತ್ತಾರೆ. ಅಲ್ಲಿ ಪಕ್ಕಾ ಆಗದ ಜಿಗಿತವನ್ನು ಹಿಮಕ್ಕೆ ಒಯ್ಯಲು ತರಬೇತುದಾರರು ಒಪ್ಪುವುದಿಲ್ಲ. ಹವ್ಯಾಸಿಗೆ ಇಂತಹ ಏರ್ಪಾಡು ಸಿಗುವುದು ಅಪರೂಪ, ಅವನು ಹೊಸ ಜಿಗಿತವನ್ನು ಗಟ್ಟಿ ಹಿಮದ ಮೇಲೆಯೇ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಧೈರ್ಯ ಇಬ್ಬರಲ್ಲೂ ಇರುತ್ತದೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು; ಎಷ್ಟೋ ಸಲ ಹವ್ಯಾಸಿಯ ಧೈರ್ಯವೇ ಹೆಚ್ಚು.

ಮೊಗಲ್ಸ್ ವಿಭಾಗದ ತಿರುವುಗಳಿಗೆ ಮಾತ್ರ ಇಂತಹ ಅಡ್ಡದಾರಿಯಿಲ್ಲ. 1992ರಲ್ಲಿ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಪದಕದ ಸ್ಪರ್ಧೆಯಾದ ಈ ಆಟದಲ್ಲಿ ಸುಮಾರು 250 ಮೀಟರ್ ಉದ್ದದ ಕಡಿದಾದ ಇಳಿಜಾರಿನ ತುಂಬ ಹಿಮದ ಗುಬ್ಬಗಳಿರುತ್ತವೆ, ನಡುವೆ ಎರಡು ಜಿಗಿತಗಳಿರುತ್ತವೆ. ನೋಡುಗರ ಕಣ್ಣು ಜಿಗಿತಗಳ ಮೇಲಿರುತ್ತದೆ, ಆದರೆ 100 ಅಂಕಗಳಲ್ಲಿ 60 ತಿರುವುಗಳಿಗೆ, ಜಿಗಿತಕ್ಕೆ 20, ವೇಗಕ್ಕೆ 20. ಉತ್ತಮ ಪುರುಷ ಸ್ಪರ್ಧಿಗಳು ಸೆಕೆಂಡಿಗೆ ಹತ್ತು ಮೀಟರಿನಷ್ಟು ವೇಗದಲ್ಲಿ ಇಳಿಯುತ್ತಾರೆ. ಗುಬ್ಬಗಳ ನಡುವಿನ ಅಂತರ ಮೂರರಿಂದ ನಾಲ್ಕು ಮೀಟರ್ ಎಂದು ಹಿಡಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಮೂರು ಗುಬ್ಬಗಳು ಎದುರಾಗುತ್ತವೆ. 2018ರಲ್ಲಿ ಪ್ಯೊಂಗ್‌ಚಾಂಗ್‌ನಲ್ಲಿ ಚಿನ್ನ ಗೆದ್ದ ಕೆನಡಾದ ಮಿಕಾಯೆಲ್ ಕಿಂಗ್ಸ್‌ಬರಿಯನ್ನು ನಿಧಾನಗತಿಯಲ್ಲಿ ನೋಡಿ: ಮೊಣಕಾಲು ಎದೆಯತ್ತ ಬಂದು ಮತ್ತೆ ಚಾಚಿಕೊಳ್ಳುತ್ತದೆ, ಸ್ಕೀ ಗುಬ್ಬದ ಹಿಂಬದಿಯನ್ನೂ ಬಿಡದೆ ಹಿಡಿದಿರುತ್ತದೆ, ಸೊಂಟದ ಮೇಲಿನ ಭಾಗ ಮಾತ್ರ ಇಳಿಜಾರಿಗೆ ಮುಖಮಾಡಿ ಅಲುಗದೆ ಇರುತ್ತದೆ. ನುರಿತ ಹವ್ಯಾಸಿ ಪ್ರತಿ ಗುಬ್ಬದಲ್ಲಿ ಸ್ವಲ್ಪಸ್ವಲ್ಪವೇ ಹಿಂದಕ್ಕೆ ವಾಲುತ್ತ, ಜಿಗಿತಕ್ಕೆ ಬರುವ ಹೊತ್ತಿಗೆ ಸಮತೋಲ ಕಳೆದುಕೊಂಡಿರುತ್ತಾನೆ. ಅವನ ಜಿಗಿತ ಕೆಟ್ಟದ್ದಕ್ಕೆ ಕಾರಣ ಅದಕ್ಕೂ ಆರೇಳು ಗುಬ್ಬಗಳ ಹಿಂದೆ ಸಿಗುತ್ತದೆ.

ಹಾಫ್‌ಪೈಪ್‌ನಲ್ಲೂ, ಅಂದರೆ ಎರಡೂ ಬದಿಗೆ ಗೋಡೆಗಳಿರುವ ಹಿಮದ ಕಾಲುವೆಯಲ್ಲೂ, ಇದೇ ಕಥೆ. ಒಲಿಂಪಿಕ್ ಹಾಫ್‌ಪೈಪ್‌ನ ಗೋಡೆ 22 ಅಡಿ, ಅಂದರೆ ಸುಮಾರು 6.7 ಮೀಟರ್ ಎತ್ತರ. ಗೋಡೆಯ ಮೇಲ್ಭಾಗದಲ್ಲೇ ಸ್ವಚ್ಛವಾಗಿ ಇಳಿದವರಿಗೆ ವೇಗ ಉಳಿಯುತ್ತದೆ; ತಳದ ಸಮತಟ್ಟಿನ ಹತ್ತಿರ ಇಳಿದ ಹವ್ಯಾಸಿಯ ಎತ್ತರ ಒಂದೊಂದು ಜಿಗಿತಕ್ಕೂ ಕುಗ್ಗುತ್ತ ಹೋಗುತ್ತದೆ.

ಇನ್ನೊಂದು ಲಕ್ಷಣವನ್ನು ಸೇರಿಸಿಕೊಳ್ಳಬೇಕು. ಹವ್ಯಾಸಿ ತನಗೆ ಒಗ್ಗಿದ ಒಂದು ದಿಕ್ಕಿಗೆ ತಿರುಗುತ್ತಾನೆ, ವೃತ್ತಿಪರರು ಎಡಕ್ಕೂ ಬಲಕ್ಕೂ ತಿರುಗುವುದನ್ನು ಸಮನಾಗಿ ಕಲಿಯಲೇಬೇಕು. ಬೀಜಿಂಗ್‌ನಲ್ಲಿ 2022ರಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸ್ ಸೇರಿದ, ಒಂದೇ ದೊಡ್ಡ ದಿಬ್ಬದಿಂದ ಜಿಗಿಯುವ ಸ್ಕೀ ಬಿಗ್ ಏರ್‌ನಲ್ಲಿ ಲೆಕ್ಕಕ್ಕೆ ಬಂದದ್ದು ಮೂರರಲ್ಲಿ ಎರಡು ಜಿಗಿತಗಳು, ಅವು ಬೇರೆಬೇರೆ ದಿಕ್ಕಿನವಾಗಿರಬೇಕಿತ್ತು. ಚೀನಾದ ಐಲೀನ್ ಗು ಮೊದಲ ಜಿಗಿತದಲ್ಲಿ ಬಲಕ್ಕೆ 1440 ಡಿಗ್ರಿ ತಿರುಗಿ 93.75 ಅಂಕ ಪಡೆದಿದ್ದರು. ಕೊನೆಯದರಲ್ಲಿ ಸ್ಪರ್ಧೆಯಲ್ಲಿ ತಾವು ಹಿಂದೆಂದೂ ಮಾಡಿರದ, ಎಡಕ್ಕೆ 1620 ಡಿಗ್ರಿಯ, ಅಂದರೆ ನಾಲ್ಕೂವರೆ ಸುತ್ತಿನ ಜಿಗಿತವನ್ನು ಆಯ್ದುಕೊಂಡು 94.50 ಪಡೆದರು. ಮೇಲ್ನೋಟಕ್ಕೆ ಇದು ಸಾಹಸದ ಜೂಜಿನಂತೆ ಕಾಣುತ್ತದೆ. ಆದರೆ ಎರಡೂ ದಿಕ್ಕಿನ ನೆಗೆತ ಮೈಗೂಡಿರದವರು ಆ ಆಯ್ಕೆಯನ್ನು ಯೋಚಿಸಲೂ ಆಗುತ್ತಿರಲಿಲ್ಲ. ಒಟ್ಟು 188.25 ಅಂಕಗಳೊಂದಿಗೆ ಚಿನ್ನ ಅವರ ಪಾಲಾಯಿತು. ಬೆಳ್ಳಿ ಗೆದ್ದ ಫ್ರಾನ್ಸಿನ ಟೆಸ್ ಲೆಡ್ಯೂ ಅವರ ಒಟ್ಟು ಅಂಕ 187.50.